ಸೋಮು ಮೇಸ್ತ್ರಿ ಬಚ್ಚಿಟ್ಟ ಪಾಠ

ಕಾರವಾರದಿಂದ ಅಂಕೋಲೆಯವರೆಗೆ ಮಶೀನು ಇಟ್ಟುಕೊಂಡವರಲ್ಲಿ ಒಂದು ಮಾತಿತ್ತು: ಹೆಣ್ಣು ನೋಡುವುದಕ್ಕೆ ಯಾರನ್ನಾದರೂ ಕರೆದುಕೊಂಡು ಹೋಗು, ಕಲ್ಲು ನೋಡುವುದಕ್ಕೆ ಮಾತ್ರ ಸೋಮು ಮೇಸ್ತ್ರಿಯನ್ನೇ ಕರೆದುಕೊಂಡು ಹೋಗು. ಕಲ್ಲೆಂದರೆ ಗ್ರೈಂಡಿಂಗ್ ಮಶೀನಿಗೆ ಹಾಕುವ ದುಂಡನೆಯ ಸಾಣೆಕಲ್ಲು. ಅಂಗಡಿಯಲ್ಲಿ ಸಾಲಾಗಿ ಇಟ್ಟರೆ ಎಲ್ಲವೂ ಒಂದೇ ತಾಯಿಯ ಮಕ್ಕಳ ಹಾಗೆ ಕಾಣುತ್ತವೆ. ಆದರೆ ಒಂದರ ಕೆಲಸ ಇನ್ನೊಂದಕ್ಕೆ ಬಾರದು. ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಹದ ಕೊಟ್ಟು ಗಟ್ಟಿ ಮಾಡಿದ ಉಕ್ಕಿನ ವಿಷಯದಲ್ಲಂತೂ ಇನ್ನೂ ಹುಷಾರಾಗಿರಬೇಕು. ಗಟ್ಟಿ ಉಕ್ಕಿಗೆ ಗಟ್ಟಿ ಕಲ್ಲೇ ಸರಿ ಅಂತ ಹೊಸಬರು ಅಂದುಕೊಳ್ಳುತ್ತಾರೆ. ಹಾಗೆ ಹಾಕಿದರೆ ಕಲ್ಲಿನ ಮೈ ನುಣ್ಣಗಾಗಿ, ಕೊರೆಯುವುದನ್ನು ಬಿಟ್ಟು ಬರೀ ತಿಕ್ಕುತ್ತದೆ; ಉಕ್ಕು ಕಾದು ನೀಲಿಗಟ್ಟಿ, ಇದ್ದ ಹದವನ್ನೂ ಕಳೆದುಕೊಳ್ಳುತ್ತದೆ. ಅದಕ್ಕೆ ಬೇಕಾದದ್ದು ಮೆತ್ತನೆಯ ಬಿಳಿ ಕಲ್ಲು. ಮೊಂಡಾದ ಹರಳು ತಾನೇ ಉದುರಿ ಅಡಿಯಿಂದ ಹೊಸ ಹರಳು ಏಳುವಂಥದ್ದು.

ಸೋಮು ಹುಟ್ಟಿದ್ದು ಚೆಂಡಿಯಾದಲ್ಲಿ. ಊರಿನ ಜಾಗ ನೇವಿಯ ನೌಕಾನೆಲೆಗೆ ಹೋದ ಮೇಲೆ ಅವನ ಅಪ್ಪ ಗಂಟುಮೂಟೆ ಕಟ್ಟಿಕೊಂಡು ಅಂಕೋಲೆಯ ಕಡೆ ಬಂದ. ಬಲೆ ಎಳೆಯಬೇಕಾಗಿದ್ದ ಸೋಮುವಿನ ಕೈಗೆ ಕಾರವಾರದ ಒಂದು ವರ್ಕಶಾಪಿನಲ್ಲಿ ಕಲ್ಲು ಸಿಕ್ಕಿತು. ಮುಂದೆ ಬೇಲೆಕೇರಿ ರಸ್ತೆಯ ಪಕ್ಕದಲ್ಲಿ ಸ್ವಂತ ಅಂಗಡಿ ಹಾಕಿದ, ಅದರ ಬೆನ್ನಿಗೇ ಮನೆ ಕಟ್ಟಿದ. ಟ್ರಾಲರಿನಲ್ಲಿ ಬಲೆ ಎಳೆಯುವ ವಿಂಚಿನ ಸಾಮಾನು, ಐಸ್ ಫ್ಯಾಕ್ಟರಿಯಲ್ಲಿ ಮಂಜುಗಡ್ಡೆ ಒಡೆಯುವ ಹಲ್ಲುಗಳು, ಸಾಮಿಲ್ಲಿನ ಬ್ಲೇಡುಗಳು ಎಲ್ಲ ಅವನಲ್ಲಿಗೇ ಬರುತ್ತಿದ್ದವು. ಮಗ ಕಿಶನ ದೊಡ್ಡವನಾಗಿ ಅಪ್ಪನ ಪಕ್ಕದಲ್ಲಿ ನಿಂತ. ಇಬ್ಬರ ನಡುವೆ ಮಾತು ಕಮ್ಮಿ, ಕೆಲಸ ಜಾಸ್ತಿ. ನೋಡಿದವರು, ಇದ್ದರೆ ಹೀಗಿರಬೇಕು ಅಪ್ಪ ಮಕ್ಕಳು, ಅನ್ನುತ್ತಿದ್ದರು.

ಅಂಥ ಸೋಮುವಿನ ಮಗ ಕಲ್ಲು ಒಡೆದು ಸತ್ತ. ದೇವರಿಗೆ ಬೇರೆ ಯಾರೂ ಸಿಗಲಿಲ್ಲವೇನೋ.

ಅದು ಹೋದ ವರ್ಷದ ವಿಜಯದಶಮಿ. ಹಿಂದಿನ ದಿನ ಆಯುಧಪೂಜೆ. ವರ್ಷವಿಡೀ ಅಂಗಡಿಯ ಕಡೆ ತಲೆ ಹಾಕದ ಮನೆಯ ಹೆಂಗಸರು ಆ ಒಂದು ದಿನ ಮಾತ್ರ ಒಳಗೆ ಬಂದು ಮಶೀನುಗಳಿಗೆ ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕುತ್ತಿದ್ದರು. ಕಿಶನನ ಹೆಂಡತಿ ಸಪ್ನಾ ಮದುವೆಯಾದ ಮೇಲೆ ಬಸಿರು, ಬಾಣಂತನ ಅಂತ ನವರಾತ್ರಿಗೆ ತವರಲ್ಲೇ ಇರುತ್ತಿದ್ದಳು. ಈ ಮನೆಯ ಪೂಜೆ ಅವಳ ಕೈಯಿಂದ ಆದದ್ದು ಅದೇ ಮೊದಲು. ಮಗು ಮನಿಷಾಳನ್ನು ಸೊಂಟಕ್ಕೆ ಏರಿಸಿಕೊಂಡು, ಹಸಿರು ಸೀರೆ ಉಟ್ಟು, ಸಂಭ್ರಮದಿಂದಲೇ ಎಲ್ಲ ಮಾಡಿದ್ದಳು. ಅತ್ತೆ ಹೀರಾ ಗಂಟೆ ಬಾರಿಸುತ್ತ ಪಕ್ಕದಲ್ಲಿ ನಿಂತಿದ್ದಳು. ಅಪ್ಪ ಮಗ ಇಬ್ಬರೂ ಪಕ್ಕದ ಗಣೇಶನ ಲೇಥ್ ಅಂಗಡಿಯ ಆರತಿಗೆ ಹೋಗಿದ್ದರು. ವಾಪಸು ಬರುವ ಹೊತ್ತಿಗೆ ಕಾಯಿ ಒಡೆದಾಗಿತ್ತು, ತಟ್ಟೆಯಲ್ಲಿ ಹೋಳುಗಳಿದ್ದವು, ಕಿಶನ ಒಂದು ಚೂರು ಬಾಯಿಗೆ ಹಾಕಿಕೊಂಡು ಹೆಂಡತಿಯನ್ನು ನೋಡಿ ನಕ್ಕ.

ಮರುದಿನ ಬೆಳಿಗ್ಗೆ ಮುಹೂರ್ತ ನೋಡಿ ಮಶೀನು ಶುರು ಮಾಡಬೇಕು. ಹೊಸ ಕಲ್ಲು ಹಾಕಿದಾಗ ಸ್ವಲ್ಪ ಹೊತ್ತು ಅದರ ಎದುರು ನಿಲ್ಲದೆ ಪಕ್ಕಕ್ಕೆ ಸರಿದು ತಿರುಗಿಸಿ ನೋಡುವುದು ಪದ್ಧತಿ. ಆದರೆ ಇದು ಹೊಸದಲ್ಲ. ಹಬ್ಬದ ಹಿಂದಿನ ದಿನದವರೆಗೂ ಚೆನ್ನಾಗಿ ಓಡಿದ ಬಿಳಿ ಕಲ್ಲು. ಕಿಶನ ಕೈಮುಗಿದು, ಸ್ವಿಚ್ ಒತ್ತಿ, ಮೊದಲ ಕಿಡಿ ಹಾರಿಸಲಿಕ್ಕೆ ಒಂದು ಬ್ಲೇಡು ಹಿಡಿದು ಎದುರಿಗೇ ನಿಂತ. ಸೋಮು ಬಾಗಿಲಲ್ಲಿ ಮೊಮ್ಮಗಳನ್ನು ಎತ್ತಿಕೊಂಡಿದ್ದ. ಢಬ್ ಅಂತ ಒಂದೇ ಶಬ್ದ. ಮಶೀನಿನ ಮುಚ್ಚಳದ ಎದುರಿನ ತೆರಪಿನಿಂದ ಹಾರಿದ ಚೂರು ಕಿಶನನ ಎದೆಗೆ ಹೊಡೆದಿತ್ತು. ಕಾರವಾರದ ಆಸ್ಪತ್ರೆಗೆ ಒಯ್ಯುವಾಗ ಅರ್ಗಾ ದಾಟುವ ಮೊದಲೇ ಅವನ ಕೈ ಅಪ್ಪನ ಕೈಯೊಳಗೆ ತಣ್ಣಗಾಯಿತು.

ಮಣ್ಣು ಮಾಡಿ ಬಂದ ಮೇಲೆ ಸೋಮು ಅಂಗಡಿಯ ಬಾಗಿಲು ಹಾಕಿಕೊಂಡು ಚೂರುಗಳನ್ನು ಹೆಕ್ಕಿದ. ಕಲ್ಲು ಯಾಕೆ ಒಡೆಯಿತು ಎಂದು ತಿಳಿಯದೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ. ತಿಳಿದ ಮೇಲೆ ಅನ್ನ ಇನ್ನೂ ಇಳಿಯದೆ ಹೋಯಿತು. ಹೊಸದಾಗಿ ಒಡೆದ ಕಡೆ ಕಲ್ಲಿನ ಒಳಮೈ ಹಾಲಿನಂತೆ ಬೆಳ್ಳಗಿತ್ತು. ಒಂದು ದೊಡ್ಡ ಚೂರಿನಲ್ಲಿ ಮಾತ್ರ ಹೊರಗಿನ ಅಂಚಿನಿಂದ ಒಳಕ್ಕೆ ಅರ್ಧದವರೆಗೂ ಕುಂಕುಮದ ಕೆಂಪು ಇಳಿದಿತ್ತು. ಅಂದರೆ ಪೂಜೆಯ ದಿನವೇ ಅಲ್ಲಿ ಬಿರುಕು ಬಿಟ್ಟಿತ್ತು, ಕುಂಕುಮದ ನೀರು ಅದರೊಳಗೆ ಹರಿದಿತ್ತು. ಅಂಚಿನಲ್ಲಿ ಕಾಯಿಯ ನಾರಿನ ಒಂದು ಎಳೆ ಸಿಕ್ಕಿಕೊಂಡಿತ್ತು. ಆ ಚೂರನ್ನು ಅವನು ಚೀಲದಲ್ಲಿ ಹಾಕಿಕೊಂಡು ಬೇಲೆಕೇರಿಯ ಸಮುದ್ರಕ್ಕೆ ಎಸೆದು ಬಂದ.

ಉಳಿದದ್ದನ್ನು ಸಪ್ನಾಳೇ ಹೇಳಿದಳು, ಪಾಪ, ತನಗೆ ಗೊತ್ತಿಲ್ಲದೆಯೇ. ಸೂತಕದ ಮನೆಗೆ ಬಂದ ಹೆಂಗಸರ ನಡುವೆ ನೆರೆಮನೆಯ ಬೀರಿ ಬಾಯಿ ತೆರೆದಿದ್ದಳು. ಬೆಂದ ಮನೆಯಲ್ಲಿ ಗಳ ಹಿರಿಯುವವರು ಎಲ್ಲ ಊರಲ್ಲೂ ಇರುತ್ತಾರೆ. "ಇಷ್ಟು ವರ್ಷ ಇಲ್ದದ್ದು ಈ ವರ್ಷ ಎಂತಕೆ ಆಯ್ತು? ಪೂಜೆಲಿ ಎಂತದೋ ತಪ್ಪಾಗ್ಯದೆ," ಅಂದಳು. ಸಪ್ನಾ ಅಳುತ್ತಲೇ ಸೋಮುವಿನ ಕಡೆ ತಿರುಗಿದಳು.

"ಎಂತದೂ ತಪ್ಪಾಗ್ಲಿಲ್ಲ ಮಾವ. ನಮ್ಮಪ್ಪ ಮಳೆ ಮುಗ್ದು ಸಮುದ್ರಕ್ಕೆ ಇಳಿಯೂ ಮೊದ್ಲು ಹೋಡಿ ಮೂತಿಗೆ ಕಾಯಿ ಒಡೀತ್ರಲ್ಲ, ಹಂಗೇ ಮಶೀನಿನ ಮೂತಿಗೆ ಒಡ್ದೆ. ಒಂದೇ ಪೆಟ್ಟಿಗೆ ಎರಡು ಹೋಳಾಯ್ತು. ಕಾಯಿ ಕೊಳ್ತಿರ್ಲಿಲ್ಲ. ಅತ್ತೆ ಕೂಡ ನೋಡ್ಯಾರೆ."

ಚಿತ್ತಾಕುಲದಲ್ಲಿ, ಕಾಳಿ ನದಿ ಸಮುದ್ರ ಸೇರುವಲ್ಲಿ ಅವಳ ತವರು. ಮೀನಿನ ದೋಣಿಗೆ ಅಲ್ಲಿ ಹೋಡಿ ಎನ್ನುತ್ತಾರೆ; ಅಪ್ಪನದು ಹೋಡಿ, ಅಜ್ಜನದು ಹೋಡಿ. ಹೋಡಿಯ ಮೂತಿ ಮರದ್ದು, ಕಾಯಿಯ ಪೆಟ್ಟು ಅದಕ್ಕೆ ಲೆಕ್ಕಕ್ಕಿಲ್ಲ. ಈ ಮಶೀನಿಗೆ ಮೂತಿ ಎಂದರೆ ಎದುರಿಗೆ ಹೊರಬಂದಿರುವ ಆ ಬಿಳಿ ಕಲ್ಲೇ. ಆ ಕಲ್ಲು ಉಕ್ಕನ್ನು ಅರೆಯುತ್ತದೆ, ನಿಜ. ಆದರೆ ಒಂದು ಪೆಟ್ಟು ಬಿದ್ದರೆ ಮಣ್ಣಿನ ಮಡಕೆಗಿಂತ ಕಡೆ. ಮೇಲೆ ಏನೂ ಕಾಣದೆ ಒಳಗೆ ಬಿರಿಯುತ್ತದೆ. ಬಿರಿದದ್ದು ಸುಮ್ಮನೆ ನಿಂತಿದ್ದರೆ ಏನೂ ಆಗುವುದಿಲ್ಲ. ತಿರುಗಿತೋ, ಹೋಯಿತು.

ಸಪ್ನಾ ಅವನ ಮುಖವನ್ನೇ ನೋಡುತ್ತಿದ್ದಳು. "ಪೂಜೆಲಿ ತಪ್ಪಾಗಿತ್ತಾ ಮಾವ?"

ಸೋಮುವಿಗೆ ಯೋಚಿಸಲು ಹೊತ್ತಿರಲಿಲ್ಲ. ಈ ಹುಡುಗಿ ಗಂಡನನ್ನು ಕಳಕೊಂಡಿದ್ದಾಳೆ. ತನ್ನ ಕೈಯಿಂದಲೇ ಕಳಕೊಂಡೆ ಎಂದು ತಿಳಿದರೆ ಬದುಕುತ್ತಾಳೆಯೇ? ಬದುಕಿದರೂ ಈ ಬೀರಿಯಂಥವರು ಬದುಕಲು ಬಿಡುತ್ತಾರೆಯೇ? ಅವನು ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದ: "ಪೂಜೆ ಸರಿಯಾಗೇ ಆಗ್ಯದೆ. ತಪ್ಪು ನಂದು. ಈ ಮಶೀನು ತಿರುಗೂ ಓಟ ತಡಕೊಳ್ಳದ ಕಲ್ಲು ತಂದು ಹಾಕಿದ್ದೆ. ಕಲ್ಲಿನ ಮೇಲಿನ ಚೀಟಿ ನೋಡ್ಲಿಲ್ಲ. ನನ್ನ ಕಣ್ಣಿಗೆ ಮಣ್ಣು ಬಿದ್ದಿತ್ತು."

ಹೀರಾ ಎದ್ದು ಒಳಗೆ ಹೋದಳು. ಅಂದಿನಿಂದ ಅವಳು ಗಂಡನ ಜೊತೆ ಮಾತು ಬಿಟ್ಟಳು. ಊಟಕ್ಕೆ ಬಡಿಸುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು. ಏನಾದರೂ ಹೇಳಬೇಕಾದರೆ ಮೊಮ್ಮಗಳಿಗೆ ಹೇಳುತ್ತಿದ್ದಳು, "ನಿನ್ನ ಅಜ್ಜನಿಗೆ ಹೇಳು, ಉಪ್ಪು ಮುಗ್ದದೆ." ಮನಿಷಾಗೆ ಆಗಿನ್ನೂ ಸರಿಯಾಗಿ ಮಾತು ಬರುತ್ತಿರಲಿಲ್ಲ.

ಅಂಗಡಿಯ ಗತಿ ಕೇಳುವುದೇ ಬೇಡ. ಸ್ವಂತ ಮಗನ ಮಶೀನಿಗೇ ತಪ್ಪು ಕಲ್ಲು ಹಾಕಿದವನ ಹತ್ತಿರ ಯಾರು ಉಕ್ಕು ತರುತ್ತಾರೆ? ಕಲ್ಲು ಆರಿಸಿಕೊಡು ಅಂತ ಕರೆಯುತ್ತಿದ್ದ ಕಾರವಾರದವರು ದಾರಿಯಲ್ಲಿ ಸಿಕ್ಕರೆ ಸಮಾಧಾನದ ಎರಡು ಮಾತಾಡಿ ಜಾಗ ಖಾಲಿ ಮಾಡುತ್ತಿದ್ದರು. ಸೋಮುವಿಗೆ ಇದ್ದ ಒಂದೇ ಆಸ್ತಿ ಆ ಹೆಸರು. ಅದನ್ನು ಅವನು ಕೈಯಾರೆ ಹರಿದು ಹಾಕಿದ್ದ. ಬೇಸರವಾಗುತ್ತಿರಲಿಲ್ಲವೆಂದಲ್ಲ. ಆದರೆ ಸಪ್ನಾ ಮಗುವಿನ ತಲೆ ಬಾಚುತ್ತ ಅಂಗಳದಲ್ಲಿ ಕೂತಿದ್ದನ್ನು ನೋಡಿದಾಗೆಲ್ಲ, ಇರಲಿ, ಇಷ್ಟಾದರೂ ಉಳಿಯಿತು, ಅಂದುಕೊಳ್ಳುತ್ತಿದ್ದ.

ಲೇಥಿನ ಗಣೇಶನಿಗೆ ಮಾತ್ರ ನಂಬಿಕೆ ಬರಲಿಲ್ಲ. ಅವನೂ ಇದೇ ಕೆಲಸದಲ್ಲಿ ತಲೆ ನರೆಸಿಕೊಂಡವನು.

"ಸೋಮಣ್ಣ, ಆ ಕಲ್ಲಿನ ಚೀಟಿ ನಾನೇ ಓದಿದ್ದೆ. ಮಶೀನಿಗಿಂತ ಜಾಸ್ತಿ ಓಟ ತಾಳೂ ಕಲ್ಲು ಅದು. ಎಂತಕೆ ಸುಳ್ಳು ಹೇಳ್ತಿ?"

"ನಿನ್ನ ಮಗಳ ಮೇಲಾಣೆ, ಬಾಯಿ ಬಿಡ್ಬೇಡ," ಅಂದ ಸೋಮು. ಗಣೇಶ ಬೀಡಿ ಹಚ್ಚಿಕೊಂಡು ಹೋದ. ಮತ್ತೆ ಆ ಮಾತು ಎತ್ತಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಒಂದು ಲೆಕ್ಕ. ಮಳೆಗಾಲ ಶುರುವಾಗುವ ಹೊತ್ತಿಗೆ ಒಂದು ಬೆಳಿಗ್ಗೆ ಸಪ್ನಾ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅಂಗಡಿಗೆ ಬಂದಳು.

"ಮಾವ, ನಂಗೆ ಕೆಲ್ಸ ಕಲಿಸಿ."

"ಈ ಕೆಲ್ಸ ನಿಂಗೆಂತಕೆ? ಮನೆಲಿ ಮಗು ಅದೆ."

"ಮಗು ಅದೆ ಅಂತಲೇ ಕೇಳೂದು. ಮೀನು ಮಾರೂಕೆ ಹೋಗು ಅಂತ ಅತ್ತೆ ಹೇಳಿದ್ರು. ಹೋಗ್ತಿದ್ದೆ. ಆದ್ರೆ ಅವ್ರ ಮಶೀನು ಹೀಂಗೆ ತುಕ್ಕು ಹಿಡೀತಾ ನಿಂತದ್ದು ನೋಡೂಕಾಗ್ತಿಲ್ಲ."

ಸೋಮು ಮಶೀನಿನ ಮೇಲಿನ ಧೂಳು ಒರೆಸಿದ. ಅವಳು ಮುಖ ತಗ್ಗಿಸಿ ಹೇಳಿದಳು: "ನೀವು ತಪ್ಪಿದ್ದು ಒಂದು ಸಲ. ಮತ್ತೆ ಜನ್ಮದಲ್ಲಿ ತಪ್ಪೂದಿಲ್ಲ. ಅದ್ಕೇ ನಿಮ್ಮ ಹತ್ರವೇ ಕಲೀಬೇಕು ಅಂತ ಬಂದೆ."

ನಾಳೆಯಿಂದ ಬಾ, ಅಂದ ಸೋಮು.

ಹುಡುಗಿ ಚುರುಕು. ಕೈ ಗಟ್ಟಿ, ಕಣ್ಣು ಇನ್ನೂ ಗಟ್ಟಿ. ಬೂದು ಬಣ್ಣದ ಕಲ್ಲು ಸಾದಾ ಕಬ್ಬಿಣಕ್ಕೆ, ಬಿಳಿಯದು ಹದ ಕೊಟ್ಟ ಉಕ್ಕಿಗೆ ಅಂತ ಒಂದೇ ಸಲಕ್ಕೆ ಹಿಡಿದುಕೊಂಡಳು. ಕಲ್ಲಿನ ಮೇಲಿನ ಚೀಟಿ ಓದಲು ಕಲಿತಳು: ಹರಳು ಎಷ್ಟು ಸಣ್ಣ, ಅಂಟು ಎಷ್ಟು ಗಟ್ಟಿ, ಎಷ್ಟು ಓಟ ತಾಳುತ್ತದೆ. ಓಟದ ಸಂಖ್ಯೆ ಬಂದಾಗ ಅವಳು ಅದನ್ನು ಎರಡು ಸಲ ಓದಿದಳು. ತೆಳ್ಳನೆಯ ಕಟಿಂಗ್ ವೀಲನ್ನು ಅಡ್ಡ ಒತ್ತಬಾರದು, ಅದು ಕತ್ತರಿಸಲಿಕ್ಕೆ ಮಾತ್ರ, ಉಜ್ಜಲಿಕ್ಕಲ್ಲ. ಉಕ್ಕನ್ನು ಒತ್ತಿ ಹಿಡಿಯಬಾರದು, ಮುಟ್ಟಿಸಿ ತೆಗೆಯಬೇಕು, ನೀಲಿ ಕಂಡರೆ ಅಲ್ಲೇ ನಿಲ್ಲಿಸಬೇಕು. ಅವಳು ಮೊದಲು ಮಸೆದ ಸಾಮಿಲ್ ಬ್ಲೇಡಿನ ಅಂಚನ್ನು ಸೋಮು ಬೆಳಕಿಗೆ ಹಿಡಿದು ನೋಡಿದ. ಒಂದಿಷ್ಟೂ ನೀಲಿಯಿರಲಿಲ್ಲ. ಕಿಶನನ ಮೊದಲ ಬ್ಲೇಡು ಇಷ್ಟು ಚೆನ್ನಾಗಿ ಬಂದಿರಲಿಲ್ಲ ಅಂತ ಅವನಿಗೆ ನೆನಪಾಗಿ, ಮುಖ ತೊಳೆಯುವ ನೆಪದಲ್ಲಿ ಬಾವಿಕಟ್ಟೆಗೆ ಹೋದ.

ಎಲ್ಲ ಕಲಿಸಿದ, ಒಂದನ್ನು ಬಿಟ್ಟು. ನಿಜ ಹೇಳಬೇಕೆಂದರೆ ಎಲ್ಲಕ್ಕಿಂತ ಮೊದಲು ಕಲಿಸಬೇಕಾದದ್ದೇ ಅದು. ಯಾವ ಕಲ್ಲನ್ನೇ ಆಗಲಿ ಮಶೀನಿಗೆ ಹಾಕುವ ಮುಂಚೆ ನಡುವಿನ ತೂತಿಗೆ ಬೆರಳು ತೂರಿಸಿ ತೂಗಾಡಿಸಬೇಕು. ಮರದ ಹಿಡಿಕೆಯಿಂದ ಮೆಲ್ಲಗೆ ಬಡಿಯಬೇಕು. ಗಟ್ಟಿ ಇದ್ದರೆ ಗಂಟೆಯ ಹಾಗೆ ಠಣ್ ಅನ್ನುತ್ತದೆ. ಒಳಗೆ ಬಿರುಕಿದ್ದರೆ ಥಡ್ ಅಂತ ಸತ್ತ ಸದ್ದು. ಹೊಸ ಕಲ್ಲನ್ನು ಎದುರು ನಿಲ್ಲದೆ ತಿರುಗಿಸಿ ನೋಡುವುದೂ ಇದೇ ಪಾಠದ ಭಾಗ. ಕಿಶನನಿಗೆ ಅವನು ಕಲಿಸಿದ ಮೊದಲ ಪಾಠ ಇದು. ಸಪ್ನಾಳಿಗೆ ಹೇಗೆ ಕಲಿಸುವುದು? ಬಡಿದು ಯಾಕೆ ನೋಡಬೇಕು ಅಂತ ಕೇಳುತ್ತಾಳೆ. ಪೆಟ್ಟು ಬಿದ್ದರೆ ಬಿರಿಯುತ್ತದೆ ಅನ್ನಬೇಕು. ಯಾವ ಪೆಟ್ಟು ಅನ್ನುತ್ತಾಳೆ. ಅಲ್ಲಿಂದ ಆ ತೆಂಗಿನಕಾಯಿಗೆ ಎಷ್ಟು ದೂರ?

ಹಾಗಂತ ಕಲಿಸದೆ ಬಿಟ್ಟರೆ ಒಂದಲ್ಲ ಒಂದು ದಿನ ಬಿರಿದ ಕಲ್ಲು ಅವಳ ಕೈಗೂ ಬರುತ್ತದೆ. ಅತ್ತ ದರಿ ಇತ್ತ ಪುಲಿ ಅನ್ನುವುದು ಇದಕ್ಕೇ. ಸೋಮು ಒಂದು ಉಪಾಯ ಮಾಡಿಕೊಂಡ. ಅವಳು ಬರುವ ಮೊದಲೇ ಹಿಂದಿನ ಕೋಣೆಗೆ ಹೋಗಿ, ಕಲ್ಲುಗಳನ್ನು ಒಂದೊಂದಾಗಿ ಬಡಿದು, ಸರಿಯಿದ್ದದ್ದನ್ನು ಮಾತ್ರ ಕಪಾಟಿನಲ್ಲಿ ಇಡುವುದು. ಕಪಾಟಿನಲ್ಲಿದ್ದದ್ದನ್ನು ಅವಳು ಕಣ್ಣುಮುಚ್ಚಿ ಹಾಕಬಹುದು. ತಾನು ಬದುಕಿರುವವರೆಗೆ ಇದು ನಡೆಯುತ್ತದೆ ಅಂದುಕೊಂಡ. ತನ್ನ ನಂತರ ಏನು ಅನ್ನುವ ಯೋಚನೆ ಬಂದರೆ ಅದನ್ನು ಕೊಡವಿಕೊಂಡು ಎದ್ದುಬಿಡುತ್ತಿದ್ದ.

ಮಳೆ ಹಿಂದೆ ಸರಿದು, ಹೋಡಿಗಳು ಮತ್ತೆ ಸಮುದ್ರಕ್ಕಿಳಿದವು. ಬೈತಖೋಲ ಬಂದರಿನ ಟ್ರಾಲರಿನವರು ಒಬ್ಬಿಬ್ಬರು ಕೆಲಸ ತರತೊಡಗಿದರು, ಸೋಮುವಿನ ಮೇಲಿನ ನಂಬಿಕೆಯಿಂದಲ್ಲ, ಸೊಸೆಯ ಕೈಗುಣದ ಮಾತು ಹಬ್ಬಿದ್ದರಿಂದ. ಮತ್ತೆ ನವರಾತ್ರಿ ಬರುವುದರಲ್ಲಿತ್ತು. ಆಯುಧಪೂಜೆಯ ದಿನ ಏನು ಮಾಡುವುದು ಎಂದು ಸೋಮುವಿನ ಎದೆಯಲ್ಲಿ ಈಗಲೇ ಅಳುಕು ಶುರುವಾಗಿತ್ತು.

ಅಂಥದ್ದರಲ್ಲಿ ಒಂದು ದಿನ ಅವನು ಬೇರಿಂಗ್ ತರಲು ಕಾರವಾರಕ್ಕೆ ಹೋದ. ಕೆಲಸ ಮುಗಿಸಿ, ಮಧ್ಯಾಹ್ನದ ಬಸ್ಸಿಗೆ ಅಂಕೋಲೆಗೆ ಬಂದು, ಅಂಗಡಿಯ ಕಡೆ ನಡೆದ. ಬಾಗಿಲ ಬಳಿ ಹುಬ್ಬಳ್ಳಿಯಿಂದ ಬಂದ ಪಾರ್ಸೆಲ್ಲಿನ ರಟ್ಟಿನ ಪೆಟ್ಟಿಗೆ ಬಿದ್ದಿತ್ತು. ಖಾಲಿ ಪೆಟ್ಟಿಗೆ. ಅದರ ಒಂದು ಮೂಲೆ ಒಳಕ್ಕೆ ಜಜ್ಜಿಹೋಗಿತ್ತು. ಸೋಮು ತಲೆ ಎತ್ತಿ ನೋಡಿದ. ಹೊಸ ಬಿಳಿ ಕಲ್ಲು ಆಗಲೇ ಮಶೀನಿನ ಮೇಲೆ ಕೂತಿತ್ತು. ಸಪ್ನಾ ಬೋಲ್ಟ್ ಬಿಗಿದು, ಪಾನಾ ಕೆಳಗಿಟ್ಟು, ಅದರ ಎದುರಿಗೇ ನಿಂತು ಸ್ವಿಚ್ಚಿನ ಕಡೆ ಕೈ ಚಾಚಿದ್ದಳು.

"ಸಪ್ನಾ, ಮುಟ್ಬೇಡ."

ಆ ಧ್ವನಿಗೆ ಅವಳು ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡಳು. ಸೋಮು ಬಂದು ಗೋಡೆಯ ಮೇನ್ ಸ್ವಿಚ್ಚನ್ನೇ ಆರಿಸಿದ. ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತುಬಿಟ್ಟ.

"ಎಂತಾಯ್ತು ಮಾವ? ನಾ ಚೀಟಿ ನೋಡ್ದೆ. ಓಟ ಸರಿ ಅದೆ. ಹರಳೂ ಸರಿ ಅದೆ. ಐಸ್ ಫ್ಯಾಕ್ಟರಿಯವ್ರು ಸಂಜೆ ಬತ್ತೆ ಅಂದ್ರು, ಅದ್ಕೇ ನಾನೇ ಹಾಕ್ದೆ."

ಅವಳು ಕಲಿತದ್ದರಲ್ಲಿ ಒಂದು ಕೂದಲೆಳೆ ತಪ್ಪಿರಲಿಲ್ಲ. ತಪ್ಪಿದ್ದು ಅವಳಿಗೆ ಕಲಿಸದೇ ಇಟ್ಟದ್ದರಲ್ಲಿ. ಇವತ್ತು ಬಸ್ಸು ಸ್ವಲ್ಪ ತಡವಾಗಿದ್ದರೆ? ಇನ್ನು ಬಚ್ಚಿಡುವಂತಿಲ್ಲ. ಇವಳ ಮನಸ್ಸನ್ನು ಉಳಿಸಲು ಹೋಗಿ ಇವಳ ಜೀವವನ್ನೇ ತೆಗೆಯುವುದರಲ್ಲಿದ್ದೆ ಎಂಬುದು ಅವನಿಗೆ ಬಿಸಿಲಿನಷ್ಟು ಸ್ಪಷ್ಟವಾಗಿ ಕಂಡಿತು.

"ಅದನ್ನ ಬಿಚ್ಚು," ಅಂದ. "ಬಿಚ್ಚಿ ಬೆರಳಿಗೆ ಹಾಕ್ಕೋ."

ಕಪಾಟಿನಿಂದ ಇನ್ನೊಂದು ಕಲ್ಲು ತಂದು ತಾನು ಹಿಡಿದುಕೊಂಡ. ಸ್ಕ್ರೂಡ್ರೈವರಿನ ಮರದ ಹಿಡಿಕೆಯನ್ನು ಅವಳ ಕೈಗೆ ಕೊಟ್ಟ. "ಮೊದ್ಲು ಇದಕ್ಕೆ ಬಡಿ. ಮೆಲ್ಲಗೆ." ಅವಳು ಬಡಿದಳು. ಕಲ್ಲು ಠಣ್ ಎಂದಿತು, ಆ ನಾದ ಸ್ವಲ್ಪ ಹೊತ್ತು ಗಾಳಿಯಲ್ಲಿ ನಿಂತಿತು. "ಈಗ ನಿನ್ನದಕ್ಕೆ." ಬಡಿದಳು. ಥಡ್ ಎಂದಿತು, ಒದ್ದೆ ಹಲಗೆಗೆ ಬಡಿದ ಹಾಗೆ. ಸಪ್ನಾ ಮತ್ತೊಮ್ಮೆ ಬಡಿದಳು. ಮತ್ತೆ ಅದೇ.

"ಇದ್ರ ಸದ್ದು ಎಂತಕೆ ಹೀಂಗೆ?"

"ಒಳಗೆ ಬಿರುಕು ಬಿಟ್ಟದೆ. ತಿರುಗಿದ್ರೆ ಒಡೀತಿತ್ತು."

"ಹೊಸದು. ಮೇಲೆ ಒಂದು ಗೆರೆ ಕೂಡ ಇಲ್ಲ."

"ಗೆರೆ ಕಾಣೂದಿಲ್ಲ. ದಾರಿಲಿ ಎಲ್ಲೋ ಬಿದ್ದು ಪೆಟ್ಟಾಗ್ಯದೆ. ಈ ಕಲ್ಲು ಸಣ್ಣ ಪೆಟ್ಟೂ ತಡಕೊಳ್ಳೂದಿಲ್ಲ. ಯಾವ ಕಲ್ಲನ್ನೂ ಬಡ್ದು ಕೇಳದೆ ಹಾಕ್ಬೇಡ. ನಿನ್ನೆ ಓಡಿದ ಕಲ್ಲಾದ್ರೂ, ಅನುಮಾನ ಇದ್ರೆ ಬಿಚ್ಚಿ ಕೇಳು."

ಸಪ್ನಾ ತಲೆಯಾಡಿಸಿದಳು. ಕಲ್ಲನ್ನು ಕೆಳಗಿಡಲು ಬಗ್ಗಿದಳು. ಅರ್ಧಕ್ಕೆ ಬಗ್ಗಿದವಳು ಹಾಗೇ ನಿಂತಳು. ಸೋಮು ಅವಳ ಬೆನ್ನನ್ನು ನೋಡುತ್ತಿದ್ದ. ಆ ಪ್ರಶ್ನೆ ಬರುತ್ತಿದೆ ಅಂತ ಅವನಿಗೆ ಗೊತ್ತಾಯಿತು.

"ಮಾವ," ಅಂದಳು ಅವಳು, ತಿರುಗದೆ. "ಕಾಯಿ ಒಡ್ದರೆ?"

ಅವನು ಇಲ್ಲ ಅನ್ನಬಹುದಿತ್ತು. ಒಂದು ವರ್ಷ ಇಡೀ ಊರಿಗೆ ಸುಳ್ಳು ಹೇಳಿದವನಿಗೆ ಇನ್ನೊಂದು ಸುಳ್ಳು ದೊಡ್ಡದೇನಲ್ಲ. ಆದರೆ ಇನ್ನು ಕೆಲವೇ ದಿನಕ್ಕೆ ಅದೇ ಹಬ್ಬ. ಇಲ್ಲ ಅಂದರೆ ಇವಳು ಮತ್ತೆ ಕಾಯಿ ಎತ್ತುತ್ತಾಳೆ, ಮರುದಿನ ಮತ್ತೆ ಮಶೀನಿನ ಎದುರು ನಿಲ್ಲುತ್ತಾಳೆ.

"ಬಿರೀತದೆ," ಅಂದ.

ಸಪ್ನಾ ಅಳಲಿಲ್ಲ. ನೆಲದ ಮೇಲೆ ಕೂತಳು. ಬೆರಳಿಗೆ ಸಿಕ್ಕಿಸಿಕೊಂಡಿದ್ದ ಕಲ್ಲನ್ನು ಬಹಳ ಹುಷಾರಿನಿಂದ ಪಕ್ಕಕ್ಕೆ ಇಟ್ಟಳು. ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಅದನ್ನೇ ನೋಡುತ್ತ ಕೂತಳು. ರಸ್ತೆಯಲ್ಲಿ ಒಂದು ಮೀನಿನ ಟೆಂಪೋ ಹಾರ್ನ್ ಹಾಕುತ್ತ ಹೋಯಿತು.

"ನಿಮಗೆ ಗೊತ್ತಿತ್ತು," ಅಂದಳು ಕೊನೆಗೆ.

"ಹೌದು."

"ಬೀರಿ ಅಂದದ್ದು ಖರೆ."

"ಖರೆ ಅಲ್ಲ. ನಿಂಗೆ ಗೊತ್ತಿಲ್ಲಾಗಿತ್ತು ಮಗಾ. ಗೊತ್ತಿಲ್ದೆ ಆದದ್ದು ತಪ್ಪಲ್ಲ."

"ನೀವು ಚೀಟಿ ನೋಡಿದ್ರಿ?"

"ನೋಡಿದ್ದೆ."

ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಸೋಮುವಿಗೆ ಅವಳ ತಲೆಯ ಮೇಲೆ ಕೈಯಿಡಬೇಕೆನ್ನಿಸಿತು. ಮಾವನಾದವನು ಹಾಗೆ ಮಾಡುವುದು ಈ ಮನೆಯಲ್ಲಿ ರೂಢಿಯಿಲ್ಲ. ಆದರೂ ಎದ್ದು ಹೋಗಿ ಇಟ್ಟ. ಅವಳ ತಲೆ ಜ್ವರ ಬಂದವರ ಹಾಗೆ ಸುಡುತ್ತಿತ್ತು.

ಎಷ್ಟೋ ಹೊತ್ತಿನ ಮೇಲೆ ಸಪ್ನಾ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. ಎದ್ದವಳು ನೇರ ಮನೆಯ ಕಡೆ ನಡೆದಳು. ಅವಳು ಏನು ಮಾಡಲು ಹೊರಟಿದ್ದಾಳೆಂದು ಸೋಮುವಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. "ಬೇಡ, ಅವಳಿಗೆ ಹೇಳ್ಬೇಡ," ಅನ್ನುತ್ತ ಹಿಂದಿನಿಂದ ಓಡಿದ.

ಹೀರಾ ಅಡಿಗೆಮನೆಯ ಹಿಂಬಾಗಿಲಲ್ಲಿ ಬಂಗಡೆ ಕೊಯ್ಯುತ್ತ ಕೂತಿದ್ದಳು. ಪಕ್ಕದಲ್ಲಿ ಮನಿಷಾ ಮೀನಿನ ಬಾಲ ಹಿಡಿದು ಆಡುತ್ತಿದ್ದಳು. ಸಪ್ನಾ ಅತ್ತೆಯ ಎದುರಿಗೆ ನಿಂತಳು.

"ಅತ್ತೆ, ಇನ್ನು ಮಾವನ ಸಂಗ್ತಿ ಮಾತು ಬಿಡ್ಬೇಡಿ. ಅವ್ರು ತಂದ ಕಲ್ಲು ಸರಿಯಾಗೇ ಇತ್ತು. ನಾ ಕಾಯಿ ಒಡ್ದದ್ದಕ್ಕೆ ಅದು ಬಿರೀತು. ನನ್ನ ಸಲುವಾಗಿ ಅವ್ರು ತಪ್ಪು ತಮ್ಮ ಮೇಲೆ ಹಾಕ್ಕೊಂಡ್ರು."

ಹೀರಾಳ ಕೈ ನಿಂತಿತು. ಸೊಸೆಯ ಮುಖ ನೋಡಿದಳು, ಅವಳ ಹಿಂದೆ ಏದುಸಿರು ಬಿಡುತ್ತ ನಿಂತ ಗಂಡನ ಮುಖ ನೋಡಿದಳು. ಗಂಡ ಇಲ್ಲ ಎನ್ನಲಿಲ್ಲ. ಈಗ ಇವಳು ಎದ್ದು ಆ ಹುಡುಗಿಯ ಮೇಲೆ ಬೀಳುತ್ತಾಳೆ, ಮಗನನ್ನು ತಿಂದವಳು ಅನ್ನುತ್ತಾಳೆ ಎಂದು ಸೋಮು ಹೆದರಿ, ಇಬ್ಬರ ನಡುವೆ ಬಂದು ನಿಂತ. ಹೀರಾ ಎದ್ದಳು. ಬಾಲ್ದಿಯ ನೀರಿನಲ್ಲಿ ಕೈ ತೊಳೆದಳು. ಗಂಡನನ್ನು ಪಕ್ಕಕ್ಕೆ ಸರಿಸಿ, ಸಪ್ನಾಳ ಬಲಗೈಯನ್ನು ತನ್ನ ಎರಡೂ ಒದ್ದೆ ಕೈಗಳಲ್ಲಿ ಹಿಡಿದುಕೊಂಡಳು. ಸಪ್ನಾ ಆಗ ಅತ್ತಳು, ಅಷ್ಟು ದಿನದ್ದೆಲ್ಲ ಸೇರಿಸಿ ಅತ್ತಳು. ಮಗು ಗಾಬರಿಯಾಗಿ ಮೀನಿನ ಬಾಲ ಬಿಟ್ಟು ತಾಯಿಯ ಕಾಲು ತಬ್ಬಿಕೊಂಡಿತು.

ಸೊಸೆಯ ಕೈ ಬಿಡದೆಯೇ ಹೀರಾ ಸೋಮುವಿನ ಕಡೆ ತಿರುಗಿದಳು. ಒಂದು ವರ್ಷದ ಮೇಲೆ ಅವಳು ಅವನ ಮುಖ ನೋಡಿ ಮಾತಾಡಿದ್ದು ಆಗಲೇ. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಸೋಮು ಹೇಗೋ ತಡೆದುಕೊಳ್ಳುತ್ತಿದ್ದ.

"ನಾನೂ ಅಲ್ಲೇ ಇದ್ದೆ," ಅಂದಳು. "ಗಂಟೆ ಬಾರಿಸ್ತಾ ಇವ್ಳ ಪಕ್ಕದಲ್ಲೇ ನಿಂತಿದ್ದೆ. ನಾ ಯಾವತ್ತೂ ಹೊಸ್ತಿಲಿಗೆ ಒಡೀತಿದ್ದೆ. ಇವ್ಳು ಮಶೀನಿಗೆ ಒಡ್ದಳು. ಅವ್ರ ಕಡೆ ಹಂಗೆ ಇರ್ಬೇಕು ಅಂತ ಸುಮ್ನಿದ್ದೆ. ಕಲ್ಲಿಗೆ ಪೆಟ್ಟು ಬೀಳ್ಬಾರ್ದು ಅಂತ ನಂಗೆ ಒಂದು ಮಾತು ಹೇಳಿಟ್ಟಿದ್ರೆ ನಾ ಇವ್ಳ ಕೈ ಹಿಡೀತಿದ್ದೆ. ಇಷ್ಟು ವರ್ಷ ನಿಮ್ಮ ಸಂಗ್ತಿ ಬಾಳ್ವೆ ಮಾಡ್ದೆ. ಮಗನಿಗೆ ಹೇಳಿದ್ರಿ. ನಂಗೆ ಎಂತಕೆ ಹೇಳ್ಲಿಲ್ಲ?"

ಸೋಮು ಬಾಯಿ ತೆರೆದ. ಯಾಕೆ ಹೇಳಲಿಲ್ಲ? ಬಚ್ಚಿಟ್ಟಿರಲಿಲ್ಲ, ಬೇಡವೆಂದೂ ಅಂದುಕೊಂಡಿರಲಿಲ್ಲ. ಅಡಿಗೆಮನೆಯಲ್ಲಿ ಇರುವವಳಿಗೆ ಕಲ್ಲಿನ ವಿಷಯ ಹೇಳಬೇಕು ಅನ್ನುವುದು ಆಯುಷ್ಯದಲ್ಲಿ ಒಂದು ಸಲವೂ ಹೊಳೆದಿರಲಿಲ್ಲ, ಅಷ್ಟೇ. ತಪ್ಪು ನಂದು ಅಂತ ಅವನು ಸೂತಕದ ಮನೆಯಲ್ಲಿ, ದಾರಿಯಲ್ಲಿ, ಕಾರವಾರದ ಅಂಗಡಿಗಳಲ್ಲಿ, ಕೇಳಿದವರಿಗೆಲ್ಲ ಸಲೀಸಾಗಿ ಹೇಳಿಕೊಂಡು ಬಂದಿದ್ದ. ಈಗಲೂ ಹೇಳಬೇಕಾದದ್ದು ಆ ಎರಡೇ ಶಬ್ದ. ಹೆಂಡತಿ ಕಾಯುತ್ತ ನಿಂತಿದ್ದಳು. ಈ ಸಲ ಅದು ನಿಜವಾಗಿತ್ತು, ಅದಕ್ಕೇ ಬಾಯಿಂದ ಹೊರಡಲಿಲ್ಲ.